ಜಿಲ್ಲಾ ಬರಹಗಾರರ ಬಳಗ: ಪುಸ್ತಕ ಅಚ್ಚಾಗುವ ಮುಂಚೆ, ಬಿಡುಗಡೆಯ ದಿನ, ಆಮೇಲೆ

ಬಳಗದ ಸಂಚಾಲಕಿ

ಎಲ್ಲರಿಗೂ ನಮಸ್ಕಾರ. ವಾರ್ಷಿಕ ಕೂಟಕ್ಕೆ ಮುಂಚೆ ಈ ವರ್ಷ ನಮ್ಮ ಜಿಲ್ಲೆಯವರ ಯಾವ ಪುಸ್ತಕ ಬಂತು, ಯಾರ ಕಥೆ ಯಾವ ವಿಶೇಷಾಂಕದಲ್ಲಿ ಬಂತು, ಯಾರಿಗೆ ಬಹುಮಾನ ಸಿಕ್ಕಿತು ಎಂಬುದರ ಪಟ್ಟಿ ಸಿದ್ಧವಾಗಬೇಕು. ಮುಖಪುಟದ ಫೋಟೊ ಜೊತೆಗೆ "ನನ್ನ ಸಂಕಲನ ಬಂದಿದೆ, ಹಾರೈಸಿ" ಎಂದಷ್ಟೇ ಬಂದರೆ ಹಾರೈಸಬಹುದು, ಪಟ್ಟಿಗೆ ಸೇರಿಸಲಾಗದು. ಕೃತಿಯ ಹೆಸರು, ಪ್ರಕಾರ, ಪ್ರಕಾಶನ ಮತ್ತು ಅದರ ಊರು, ಮೊದಲ ಮುದ್ರಣದ ವರ್ಷ, ಪುಟ, ಬೆಲೆ, ಐಎಸ್‌ಬಿಎನ್ (ಪುಸ್ತಕದ ಅಂತರರಾಷ್ಟ್ರೀಯ ಗುರುತುಸಂಖ್ಯೆ) ಬೇಕು. ಪುಸ್ತಕ ಎಲ್ಲಿ ಸಿಗುತ್ತದೆ ಎಂಬುದಂತೂ ಬೇಕೇ ಬೇಕು. ಪತ್ರಿಕೆಯಲ್ಲಿ ಬಂದದ್ದಾದರೆ ಸಂಚಿಕೆಯ ದಿನಾಂಕ ಮತ್ತು ಪುಟಸಂಖ್ಯೆ. ಬಹುಮಾನವಾದರೆ ಅದು ಯಾವ ವರ್ಷ ಪ್ರಕಟವಾದ ಕೃತಿಗೆ ಬಂದದ್ದು ಎಂದು ಬರೆಯಿರಿ. ಬಹುಮಾನ ಘೋಷಣೆಯಾದ ವರ್ಷವೂ ಪುಸ್ತಕ ಪ್ರಕಟವಾದ ವರ್ಷವೂ ಸಾಮಾನ್ಯವಾಗಿ ಬೇರೆಬೇರೆ. ಅವೆರಡನ್ನು ಬೆರೆಸಿದರೆ ಮುಂದೆ ಯಾರಾದರೂ ಜಿಲ್ಲೆಯ ಸಾಹಿತ್ಯ ಚರಿತ್ರೆ ಬರೆಯುವಾಗ ದಿಕ್ಕು ತಪ್ಪುತ್ತಾರೆ.

ಇನ್ನೊಂದು ಮಾತು. ಹಲವು ಬಳಗಗಳಲ್ಲಿ ಬಿಡುಗಡೆಯ ದಿನವೇ ಪುಸ್ತಕದ ಕೊನೆಯ ದಿನ. ಶಾಲು, ಫೋಟೊ, ಊಟ ಮುಗಿದ ಮೇಲೆ ಉಳಿದ ಕಟ್ಟುಗಳು ಲೇಖಕರ ಮನೆಯ ಅಟ್ಟ ಸೇರುತ್ತವೆ. ಬರುವ ವರ್ಷ ನಮ್ಮಲ್ಲಿ ಹಾಗಾಗಬಾರದು. ಅಚ್ಚು, ಕರಾರು, ಬಿಡುಗಡೆ, ಅಂಚೆ ಹೀಗೆ ಯಾವುದು ಬಲ್ಲಿರೋ ಅದನ್ನು ಲೆಕ್ಕ ಸಮೇತ ಇಲ್ಲಿ ನಿಮ್ಮ ಬಳಗದ ಅಡ್ಡಹೆಸರಿನಲ್ಲಿ ಬರೆಯಿರಿ.

ಅಚ್ಚುಕೂಟ

ಅಚ್ಚಿನ ಲೆಕ್ಕದಿಂದ ಶುರು ಮಾಡೋಣ, ಹೆಚ್ಚು ದುಡ್ಡು ಸೋರುವುದು ಅಲ್ಲೇ.

ಕನ್ನಡದ ಬಹುಪಾಲು ಕಥೆ, ಕವನ, ಪ್ರಬಂಧಗಳು ಬರುವುದು ಡೆಮಿ 1/8 ಅಳತೆಯಲ್ಲಿ. ಕತ್ತರಿಸಿದ ಮೇಲೆ ಸುಮಾರು ಐದೂವರೆ ಅಂಗುಲ ಅಗಲ, ಎಂಟೂವರೆ ಅಂಗುಲ ಎತ್ತರ. 18x23 ಅಂಗುಲದ ಒಂದು ಡೆಮಿ ಹಾಳೆಯ ಎರಡೂ ಬದಿ ಸೇರಿ 16 ಪುಟ, ಅಂದರೆ ಒಂದು ಫಾರಂ. 160 ಪುಟದ ಪುಸ್ತಕಕ್ಕೆ 10 ಫಾರಂ, ಪ್ರತಿಗೆ 10 ಹಾಳೆ. 500 ಪ್ರತಿಗೆ 5,000 ಹಾಳೆ, 500ರ ರೀಮಿನಲ್ಲಿ ಹತ್ತು ರೀಮು. ಮಷಿನ್ ಹೊಂದಿಸುವಾಗ ಫಾರಂ ಒಂದಕ್ಕೆ 50 ಹಾಳೆಯಾದರೂ ಹೋಗುತ್ತದೆ ಎಂದುಕೊಂಡರೆ ಇನ್ನೊಂದು ರೀಮು. ದರಪಟ್ಟಿಯಲ್ಲಿ ಹದಿನೈದು ರೀಮು ಬರೆದಿದ್ದರೆ ಯಾಕೆಂದು ಕೇಳಿ.

ಪುಟಸಂಖ್ಯೆ 16ರ ಗುಣಕದಲ್ಲಿ ನಿಲ್ಲಲಿ, ಆಗದಿದ್ದರೆ 8ರಲ್ಲಿ. 163 ಪುಟವಾದರೆ ಆ ಮೂರು ಪುಟಕ್ಕಾಗಿ ಅರ್ಧ ಫಾರಂ ಸೇರಿ 168 ಆಗುತ್ತದೆ, ಕೊನೆಗೆ ಐದು ಪುಟ ಖಾಲಿ. ಮುನ್ನುಡಿ, ಲೇಖಕರ ಮಾತು, ಕೃತಜ್ಞತೆ, ಅರ್ಪಣೆ ಇವುಗಳಲ್ಲೇ ಮೂರು ಪುಟ ಕಡಿಮೆ ಮಾಡಬಹುದು. ಕೃತಿಗೆ ಕೈ ಹಚ್ಚಬೇಕಾಗಿಲ್ಲ.

ಕಾಗದ 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಕ) ಮ್ಯಾಪ್‌ಲಿಥೊ, ಮುಖಪುಟಕ್ಕೆ 300 ಜಿಎಸ್‌ಎಂ ಆರ್ಟ್ ಬೋರ್ಡ್ ಸಾಕು. ಈ ವಿವರವನ್ನೂ ಮುದ್ರಣದ ವರ್ಷ, ಪ್ರತಿಗಳ ಸಂಖ್ಯೆ, ಪುಟ, ಬೆಲೆಗಳನ್ನೂ ಹಕ್ಕುಪುಟದಲ್ಲಿ ಹಾಕಿಸಿ. ಗ್ರಂಥಾಲಯಕ್ಕೆ, ಬಹುಮಾನಕ್ಕೆ ಅರ್ಜಿ ಹಾಕುವಾಗ ನೋಡುವುದು ಅದೇ ಪುಟ. ಮೊದಲ ಮುದ್ರಣದ ವರ್ಷ ಇಲ್ಲದ ಪುಸ್ತಕ ಬಹುಮಾನದ ಪರಿಶೀಲನೆಯಲ್ಲಿ ಮೊದಲ ಸುತ್ತಿಗೇ ಹೊರಬೀಳಬಹುದು.

ಮೊದಲ ಸಾಲು

ಸರ್, ನನ್ನದು ಕವನ ಸಂಕಲನ, 96 ಪುಟ. 300ಕ್ಕೂ 1,000ಕ್ಕೂ ಒಟ್ಟು ಖರ್ಚಿನಲ್ಲಿ ಅಂಥ ವ್ಯತ್ಯಾಸವಿಲ್ಲ, ಸಾವಿರ ಪ್ರತಿ ಹಾಕಿಸಿಬಿಡಿ ಎನ್ನುತ್ತಿದ್ದಾರೆ ಮುದ್ರಕರು. ಒಪ್ಪಲೇ?

ಅಚ್ಚುಕೂಟ

ಬೇಡ ತಮ್ಮಾ. ಆಫ್‌ಸೆಟ್ ಮುದ್ರಣದಲ್ಲಿ ಫಾರಂ ಒಂದಕ್ಕೆ ಮುಂದೆ-ಹಿಂದೆ ಎರಡು ಪ್ಲೇಟು (ಅಚ್ಚು ಮೂಡಿಸುವ ತಗಡು). ನಿಮ್ಮ 6 ಫಾರಂಗೆ 12. 300 ಹೊಡೆದರೂ 1,000 ಹೊಡೆದರೂ ಪ್ಲೇಟು ಅಷ್ಟೇ, ಹಾಗಾಗಿ ಪ್ರತಿಯ ಸರಾಸರಿ ವೆಚ್ಚ ಇಳಿಯುವುದು ನಿಜ. ಆದರೆ ಕಾಗದ, ಬೈಂಡಿಂಗ್, ಸಾಗಣೆ ಪ್ರತಿಗೆ ತಕ್ಕಂತೆ ಏರುತ್ತವೆ. ಮಾರಾಟವಾಗದ 700 ಪ್ರತಿಯ ಕಾಗದ ನಿಮ್ಮ ದುಡ್ಡೇ ತಾನೆ? ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಕಟ್ಟು ನೆಲಕ್ಕಿಟ್ಟರೆ ಒಂದೇ ಮಳೆಗಾಲಕ್ಕೆ ಅಂಚು ಅಲೆಯಾಗುತ್ತದೆ, ಗೆದ್ದಲು ಬೇರೆ.

ಮೊದಲ ಸಂಕಲನಕ್ಕೆ 300ರ ಒಳಗಾದರೆ ಡಿಜಿಟಲ್ ಮುದ್ರಣದ ದರವನ್ನೂ ತರಿಸಿ ಹೋಲಿಸಿ. ಅಲ್ಲಿ ಪ್ಲೇಟಿನ ಖರ್ಚಿಲ್ಲ, ಮುಗಿದ ಮೇಲೆ ಮತ್ತೆ 50 ತೆಗೆಸಬಹುದು. 500 ದಾಟುತ್ತದೆ ಎಂಬ ಖಾತ್ರಿ ಇದ್ದರೆ ಆಫ್‌ಸೆಟ್. ಎರಡಕ್ಕೂ ಒಂದು ನಿಯಮ: ಪೂರ್ತಿ ಮುದ್ರಣಕ್ಕೆ ಮುಂಚೆ ಅದೇ ಕಾಗದದಲ್ಲಿ, ಅದೇ ಬೈಂಡಿಂಗಿನಲ್ಲಿ ಒಂದು ಮಾದರಿ ಪ್ರತಿ ಕೈಗೆ ಬರಲಿ. ಬೆನ್ನಿನ ದಪ್ಪವನ್ನು ಆ ಪ್ರತಿಯಿಂದ ಅಳೆದು ಮುಖಪುಟದ ಕಡತ ಸರಿಮಾಡಿ. ಅಂದಾಜಿನ ದಪ್ಪಕ್ಕೆ ವಿನ್ಯಾಸ ಮಾಡಿದರೆ ಬೆನ್ನಿನ ಹೆಸರು ಮುಖಪುಟಕ್ಕೋ ಹಿಂಬದಿಗೋ ಜಾರುತ್ತದೆ.

ಕರಡಚ್ಚು

ಅಚ್ಚುಕೂಟ ಸರ್ ಹೇಳಿದ್ದು ಪುಸ್ತಕದ ದೇಹದ ಮಾತು. ಅಕ್ಷರದ ಮಾತೂ ಬೇಕು. ಮುಖಪುಟಕ್ಕೆ ಒಂದು ತಿಂಗಳು ತಲೆ ಕೆಡಿಸಿಕೊಂಡು ಕರಡಿಗೆ ಎರಡು ದಿನ ಕೊಡುವುದು ನಮ್ಮಲ್ಲಿ ತೀರ ಸಾಮಾನ್ಯವಾಗಿದೆ, ಇದು ಕೃತಿಗೆ ಮಾಡುವ ಅನ್ಯಾಯ.

ಹಳೆಯ ನುಡಿ ಅಥವಾ ಬರಹ ತಂತ್ರಾಂಶದ ಕಡತ ಯುನಿಕೋಡ್‌ಗೆ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರಸಂಕೇತ) ಪರಿವರ್ತನೆಯಾಗುವಾಗ ತಪ್ಪುಗಳು ಗುಂಪಾಗಿ ಬರುತ್ತವೆ. ಕಣ್ಣಿಗಿಂತ ಮೊದಲು ಹುಡುಕುವ ಸೌಲಭ್ಯ ಬಳಸಿ. ಮೊದಲನೆಯದು ಸೊನ್ನೆ. ಅನುಸ್ವಾರದ "ಂ" ಬದಲು ಅಂಕಿಯ "೦" ಒತ್ತಿದ ಪದಗಳು ತೆರೆಯ ಮೇಲೆ ಒಂದೇ ಥರ ಕಾಣುತ್ತವೆ. "ಬ೦ತು", "ಬಂತು" ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಮೊದಲನೆಯದರಲ್ಲಿ ಇರುವುದು ಅಂಕಿ. ಫಾಂಟ್ ಬದಲಾದ ಕೂಡಲೇ ಸೊನ್ನೆ ಉಬ್ಬಿಯೋ ಕುಗ್ಗಿಯೋ ಕಾಣುತ್ತದೆ. ಪದಕೋಶ, ಹುಡುಕಾಟ, ಇ-ಪುಸ್ತಕ ಯಾವುದರಲ್ಲೂ ಆ ಪದ ಸಿಗುವುದಿಲ್ಲ. ಕಡತದಲ್ಲಿ "೦" ಹುಡುಕಿ, ನಿಜವಾದ ಅಂಕಿಗಳನ್ನು ಬಿಟ್ಟು ಉಳಿದದ್ದನ್ನು ಒಂದೊಂದಾಗಿ ಬದಲಿಸಿ. ಒಂದೇ ಏಟಿಗೆ ಎಲ್ಲ ಬದಲಿಸಿದರೆ "೧೯೫೦" ಇದ್ದದ್ದು "೧೯೫ಂ" ಆಗುತ್ತದೆ.

ಎರಡನೆಯದು ಅರ್ಧಾಕ್ಷರ. "ಬ್ಯಾಂಕ್‌ನಲ್ಲಿ" ಎಂಬಲ್ಲಿ ಕ್ ಆದಮೇಲೆ ಕಣ್ಣಿಗೆ ಕಾಣದ ಒಂದು ಬಿಡಿಸುವ ಚಿಹ್ನೆ ಇರುತ್ತದೆ. ಮಿಂಚಂಚೆಯಿಂದ ಪುಟವಿನ್ಯಾಸಕ್ಕೆ ಹೋಗುವಾಗ ಅದು ಬಿದ್ದುಹೋದರೆ "ಬ್ಯಾಂಕ್ನಲ್ಲಿ" ಆಗಿ ನ ಒತ್ತಾಗುತ್ತದೆ. ಇಂಗ್ಲಿಷ್ ಪದ ಹೆಚ್ಚಿರುವ ನಗರದ ಕಥೆಗಳಲ್ಲಿ ಇಂಥವು ಪುಟಕ್ಕೆ ನಾಲ್ಕೈದು ಸಿಗುತ್ತವೆ. ಮೂರನೆಯದು ಅರ್ಕಾವತ್ತು. ಪರಿವರ್ತನೆಯಲ್ಲಿ ಅದು ಪಕ್ಕದ ಅಕ್ಷರಕ್ಕೆ ಹಾರುತ್ತದೆ, ಅದರಲ್ಲೂ ಒತ್ತಕ್ಷರ ಜೊತೆಗಿದ್ದಾಗ. ಸೂರ್ಯ, ಕಾರ್ಯ, ಮೂರ್ತಿ, ವರ್ಷ, ನಿರ್ಧಾರ ಇಷ್ಟು ಪದ ಹುಡುಕಿ ನೋಡಿದರೆ ಕಡತದ ಆರೋಗ್ಯ ತಿಳಿಯುತ್ತದೆ.

ಆಮೇಲೆ ಕರಡು, ಕಡಿಮೆ ಅಂದರೆ ಮೂರು ಸುತ್ತು. ಮೊದಲ ಸುತ್ತು ಲೇಖಕರದು, ಎರಡನೆಯದು ಕೃತಿಯನ್ನು ಹಿಂದೆ ಓದಿರದ ಒಬ್ಬರದು. ಮೂರನೆಯ ಸುತ್ತಿನಲ್ಲಿ ಹಿಂದಿನ ಕರಡಿನ ತಿದ್ದುಪಡಿಗಳು ಪುಟಕ್ಕೆ ಬಂದಿವೆಯೇ ಎಂದು ಮಾತ್ರ ನೋಡಬೇಕು. ಆ ಹಂತದಲ್ಲಿ ಲೇಖಕರು ಹೊಸ ಸಾಲು ಸೇರಿಸಿದರೆ ಪುಟ ಸರಿದು ಪರಿವಿಡಿ ತಪ್ಪುತ್ತದೆ. ಪರಿವಿಡಿಯ ಪುಟಸಂಖ್ಯೆಯನ್ನು ಕಟ್ಟಕಡೆಗೆ ಕೈಯಿಂದಲೇ ತಾಳೆ ನೋಡಿ.

ಪುಟವಿನ್ಯಾಸಕಿ

ಕರಡಚ್ಚು ಸರ್ ಮಾತಿಗೆ ಸಣ್ಣ ಸೇರ್ಪಡೆ. ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಯುನಿಕೋಡ್ ಕನ್ನಡ ಹಾಕುವಾಗ ಪ್ಯಾರಾಗ್ರಾಫ್ ಆಯ್ಕೆಯಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಇರಬೇಕು. ಇಲ್ಲದಿದ್ದರೆ ಒತ್ತಕ್ಷರಗಳೆಲ್ಲ ಒಡೆದು ಬಿಡಿಬಿಡಿಯಾಗುತ್ತವೆ. ಫಾಂಟ್ ಕೆಟ್ಟಿದೆ ಎಂದು ಹತ್ತು ಫಾಂಟ್ ಬದಲಿಸುವವರ ತೊಂದರೆ ಬಹುಪಾಲು ಇದೇ.

ಸಾಲಿನ ಅಂತರ ಇಂಗ್ಲಿಷ್ ಪುಸ್ತಕದ ಲೆಕ್ಕದಲ್ಲಿ ಬೇಡ. ನಮ್ಮಲ್ಲಿ ಒತ್ತು ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. 12 ಪಾಯಿಂಟ್ ಅಕ್ಷರಕ್ಕೆ 17–18 ಪಾಯಿಂಟ್ ಸಾಲಂತರ ಇದ್ದರೆ ಕಣ್ಣಿಗೆ ಹಿತ. ಪುಟ ಉಳಿಸಲೆಂದು 14ಕ್ಕೆ ಇಳಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಒಳಪುಟದ ಅಕ್ಷರ ಒಂದೇ ಕಪ್ಪು ಶಾಯಿಯದಾಗಿರಲಿ. ನಾಲ್ಕು ಬಣ್ಣ ಬೆರೆತ ಕಪ್ಪಾದರೆ ಅಂಚಿನಲ್ಲಿ ಬಣ್ಣದ ನೆರಳು ಕಾಣುತ್ತದೆ. ಮುಖಪುಟಕ್ಕೆ ಸುತ್ತಲೂ ಕತ್ತರಿಸಿ ಹೋಗಲು 3 ಮಿ.ಮೀ. ಹೆಚ್ಚುವರಿ ಬಿಡಿ.

ಕರಾರುಪತ್ರ

ಈಗ ಯಾರೂ ಓದದೆ ಸಹಿ ಹಾಕುವ ಕಾಗದದ ವಿಷಯ. ಎಷ್ಟೋ ಜನ ಸಹಿಯನ್ನೂ ಹಾಕುವುದಿಲ್ಲ, ಎಲ್ಲವೂ ಮಾತಿನಲ್ಲೇ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನಂತೆ ಹಕ್ಕು ವರ್ಗಾವಣೆ ಬರವಣಿಗೆಯಲ್ಲಿದ್ದು, ಕೊಡುವವರ ಸಹಿ ಇದ್ದರೆ ಮಾತ್ರ ಊರ್ಜಿತ. ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ಐದು ವರ್ಷ ಎಂದೇ ಅರ್ಥ. ಯಾವ ಪ್ರದೇಶಕ್ಕೆ ಎಂದಿಲ್ಲದಿದ್ದರೆ ಭಾರತಕ್ಕೆ ಮಾತ್ರ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದಲ್ಲಿ, ಅದು ತಾನಾಗಿ ಬಿದ್ದುಹೋಗುತ್ತದೆ. ಹಸ್ತಪ್ರತಿ ತೆಗೆದುಕೊಂಡು ವರ್ಷಗಟ್ಟಲೆ ಇಟ್ಟುಕೊಂಡವರ ಮುಂದೆ ಹೊಸ ಲೇಖಕರು ಅಸಹಾಯಕರೇನಲ್ಲ.

ಕರಾರಿನಲ್ಲಿ ಮುದ್ರಣ, ಇ-ಪುಸ್ತಕ, ಕೇಳುಪುಸ್ತಕ, ಅನುವಾದ, ನಾಟಕ-ಸಿನಿಮಾ ರೂಪಾಂತರ ಎಲ್ಲವೂ ಬೇರೆಬೇರೆ ಸಾಲಿನಲ್ಲಿರಲಿ. "ಸಮಸ್ತ ಹಕ್ಕುಗಳೂ" ಎಂಬ ಒಂದೇ ಪದಕ್ಕೆ ಸಹಿ ಬೇಡ. ಗೌರವಧನ ಎಷ್ಟು ಶೇಕಡಾ ಎಂಬುದರ ಜೊತೆಗೆ ಯಾವುದರ ಮೇಲೆ ಎಂಬುದೂ ಬೇಕು. ₹200 ಮುಖಬೆಲೆಯ ಪುಸ್ತಕವನ್ನು ಪ್ರಕಾಶಕರು ಶೇ. 40 ರಿಯಾಯಿತಿಗೆ ಮಾರಾಟಗಾರರಿಗೆ ಕೊಟ್ಟರೆ ಅವರ ಕೈಗೆ ಬರುವುದು ₹120. ಶೇ. 10 ಮುಖಬೆಲೆಯ ಮೇಲಾದರೆ ಲೇಖಕರಿಗೆ ₹20, ಬಂದ ಹಣದ ಮೇಲಾದರೆ ₹12. ಗೌರವಧನದ ಬದಲು ಪ್ರತಿಗಳನ್ನು ಕೊಡುವುದಾದರೆ ಎಷ್ಟು ಪ್ರತಿ, ಯಾವಾಗ ಎಂದೂ ಬರೆಯಿಸಿ.

ಸಂಪಾದಿತ ಸಂಕಲನ ತರುವ ಬಳಗಗಳಿಗೆ ಇನ್ನೊಂದು ಎಚ್ಚರ. ಲೇಖಕರು ತೀರಿಕೊಂಡ ವರ್ಷದ ಮುಂದಿನ ಜನವರಿಯಿಂದ 60 ವರ್ಷ ಹಕ್ಕು ಇರುತ್ತದೆ. ಬೇಂದ್ರೆಯವರು 1981ರಲ್ಲಿ ತೀರಿಕೊಂಡರು, ಅವರ ಕವಿತೆಗಳಿಗೆ 2041ರ ಕೊನೆಯವರೆಗೆ ಅನುಮತಿ ಬೇಕು. ಕುವೆಂಪು 1994ರಲ್ಲಿ, ಅಂದರೆ 2054ರ ಕೊನೆಯವರೆಗೆ. 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ. ಅವರ ಬರಹ ಎಲ್ಲರಿಗೂ ಮುಕ್ತ. ಪಂಪನ ಪದ್ಯ ಮುಕ್ತವಾದರೂ ಅದಕ್ಕೆ ಇತ್ತೀಚೆಗೆ ಯಾರೋ ಬರೆದ ಗದ್ಯಾನುವಾದ, ಟಿಪ್ಪಣಿ ಮುಕ್ತವಲ್ಲ.

ಹೊಳೆದಂಡೆ

ಅನುವಾದದ ಹಕ್ಕಿನ ಮಾತಿಗೆ ನನ್ನ ಒತ್ತಾಸೆಯೂ ಇದೆ. 2025ರ ಅಂತರರಾಷ್ಟ್ರೀಯ ಬುಕರ್ ಬಾನು ಮುಷ್ತಾಕ್ ಮತ್ತು ಅನುವಾದಕಿ ದೀಪಾ ಭಾಸ್ತಿ ಅವರಿಗೆ ಬಂದಾಗ 50,000 ಪೌಂಡ್ ಇಬ್ಬರಿಗೂ ಸಮಪಾಲು. ಆ ಪ್ರಶಸ್ತಿ ಸಣ್ಣಕಥೆಗಳ ಸಂಕಲನಕ್ಕೆ ಸಿಕ್ಕಿದ್ದು ಅದೇ ಮೊದಲು. ಹಾಸನ, ಮಡಿಕೇರಿಯಂಥ ಊರುಗಳಿಂದ ಎದ್ದ ಕೆಲಸ ಅದು. ಜಿಲ್ಲೆಯ ಬರಹಗಾರರಿಗೆ ಅನುವಾದ ಎಂಬುದು ಇನ್ನು ದೂರದ ಮಾತಲ್ಲ.

ಆದರೆ ಕರಾರುಪತ್ರ ಸರ್, ನಮ್ಮ ಕಡೆಯ ಸಣ್ಣ ಪ್ರಕಾಶಕರು ಸ್ವಂತ ದುಡ್ಡು ಹಾಕಿ ಪುಸ್ತಕ ತರುತ್ತಾರೆ. ಅವರ ಮುಂದೆ ಹತ್ತು ಪುಟದ ಕರಾರು ಇಟ್ಟರೆ "ನಿಮ್ಮ ಸಹವಾಸವೇ ಬೇಡ" ಎನ್ನುತ್ತಾರೆ.

ಕರಾರುಪತ್ರ

ಹತ್ತು ಪುಟ ಯಾಕೆ ಮೇಡಂ, ಒಂದು ಪುಟ ಸಾಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ವರ್ಷ, ಎಷ್ಟು ಪ್ರತಿ, ಗೌರವಧನದ ಲೆಕ್ಕ, ವರ್ಷಕ್ಕೊಮ್ಮೆ ಮಾರಾಟದ ವಿವರ, ಪ್ರತಿ ಮುಗಿದು ಒಂದು ವರ್ಷ ಮರುಮುದ್ರಣವಾಗದಿದ್ದರೆ ಹಕ್ಕು ಲೇಖಕರಿಗೆ ವಾಪಸ್ಸು, ದಿನಾಂಕ, ಇಬ್ಬರ ಸಹಿ. ಸಣ್ಣ ಪ್ರಕಾಶಕರಿಗೂ ಇದು ರಕ್ಷಣೆ. ಅದೇ ಸಂಕಲನವನ್ನು ಲೇಖಕರು ಮರುವರ್ಷ ಬೇರೆಡೆ ಕೊಟ್ಟರೆ ಅವರು ತೋರಿಸುವುದಕ್ಕೂ ಒಂದು ಕಾಗದ ಬೇಕಲ್ಲ.

ಹೊಳೆದಂಡೆ

ಒಂದು ಪುಟವಾದರೆ ಒಪ್ಪಿದೆ. ಕನ್ನಡದಲ್ಲೇ ಇರಲಿ, ಎರಡೂ ಕಡೆಯವರಿಗೆ ಅರ್ಥವಾಗುವಂತೆ.

ಗ್ರಂಥಪಾಲಕ

ಐಎಸ್‌ಬಿಎನ್‌ಗೆ ದುಡ್ಡು ಕೊಡಬೇಡಿ. ಕೇಂದ್ರ ಶಿಕ್ಷಣ ಸಚಿವಾಲಯದಡಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ. ಸ್ವಂತ ಪ್ರಕಟಣೆ ಮಾಡುವ ಲೇಖಕರೂ ಅಂತರ್ಜಾಲದಲ್ಲಿ ಅರ್ಜಿ ಹಾಕಬಹುದು. ಗುರುತಿನ ದಾಖಲೆ, ಶೀರ್ಷಿಕೆ ಪುಟ ಸಿದ್ಧವಿರಲಿ. ಮುಖಪುಟ ಅಂತಿಮಗೊಳಿಸುವ ಹೊತ್ತಿಗೆ ಅರ್ಜಿ ಹಾಕಿದರೆ ಪುಸ್ತಕ ಅಚ್ಚಿಗೆ ಹೋದಮೇಲೆ ಸಂಖ್ಯೆ ಬರುತ್ತದೆ, ಆಗ ಚೀಟಿ ಅಂಟಿಸುವ ಕೆಲಸ. ಎರಡು ತಿಂಗಳು ಮೊದಲೇ ಹಾಕಿ. ರಟ್ಟಿನ ಹೊದಿಕೆ, ಸಾದಾ ಹೊದಿಕೆ, ಇ-ಪುಸ್ತಕ ಮೂರಕ್ಕೂ ಬೇರೆಬೇರೆ ಸಂಖ್ಯೆ. ಏನೂ ಬದಲಿಸದ ಮರುಮುದ್ರಣಕ್ಕೆ ಹಳೆಯದೇ, ಪರಿಷ್ಕೃತ ಆವೃತ್ತಿಗೆ ಹೊಸದು.

ಹೆಚ್ಚಿನವರು ಮರೆಯುವುದು 1954ರ ಪುಸ್ತಕ ಸಲ್ಲಿಕೆ ಕಾಯ್ದೆಯನ್ನು. ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ, ಚೆನ್ನೈನ ಕನ್ನೆಮಾರಾ, ಮುಂಬೈನ ಕೇಂದ್ರ ಗ್ರಂಥಾಲಯ, ದೆಹಲಿ ಸಾರ್ವಜನಿಕ ಗ್ರಂಥಾಲಯಗಳಿಗೆ ತಲಾ ಒಂದು ಪ್ರತಿ ಪ್ರಕಾಶಕರೇ ತಮ್ಮ ಖರ್ಚಿನಲ್ಲಿ ಕಳಿಸಬೇಕು. ನಾಲ್ಕು ಪ್ರತಿ ಮಾತ್ರ. ಆದರೆ ಜಿಲ್ಲೆಯಲ್ಲಿ 300 ಪ್ರತಿ ಬಂದು ಕರಗಿಹೋಗುವ ಪುಸ್ತಕ ಐವತ್ತು ವರ್ಷದ ನಂತರ ಎಲ್ಲಾದರೂ ಸಿಗಬೇಕೆಂದರೆ ಇದೊಂದೇ ಭರವಸೆಯ ದಾರಿ. ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೂ ಹತ್ತಿರದ ಕಾಲೇಜಿಗೂ ಒಂದೊಂದು ಕೊಡಿ.

ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಖರೀದಿಗೆ ಆಯಾ ವರ್ಷದ ಪುಸ್ತಕಕ್ಕೆ ಆಯಾ ಪ್ರಕಟಣೆಯಂತೆ ಅರ್ಜಿ ಹಾಕಬೇಕು, ಗಡುವು ಮುಗಿದ ಮೇಲೆ ಆ ವರ್ಷದ ಕೃತಿಗೆ ಅವಕಾಶವಿಲ್ಲ. ಆಯ್ಕೆಯಾದರೆ ದೊಡ್ಡ ಆಸರೆ. ಆದರೆ ಆ ಹಣ ಬರುತ್ತದೆಂದು ಮುದ್ರಣಕ್ಕೆ ಸಾಲ ಮಾಡಬೇಡಿ. ಮೊದಲ ಕೃತಿಯವರು ಕನ್ನಡ ಪುಸ್ತಕ ಪ್ರಾಧಿಕಾರದ ಯುವ ಬರಹಗಾರರ ಚೊಚ್ಚಲ ಕೃತಿ ಪ್ರೋತ್ಸಾಹಧನದ ಪ್ರಕಟಣೆಯನ್ನು ಗಮನಿಸಿ. ಅದಕ್ಕೆ ಕೊಡಬೇಕಾದದ್ದು ಹಸ್ತಪ್ರತಿ, ಆದ್ದರಿಂದ ಅಚ್ಚು ಹಾಕಿಸುವ ಮೊದಲೇ ಯೋಚಿಸಿ.

ಪಡಸಾಲೆ

ಬಿಡುಗಡೆ ಸಮಾರಂಭದ ಬಗ್ಗೆ ಬರೆಯುತ್ತೇನೆ. ಇದರಲ್ಲಿ ನನ್ನದು ಗಟ್ಟಿ ಅಭಿಪ್ರಾಯ: ವೇದಿಕೆಯ ಮೇಲೆ ಐದಕ್ಕಿಂತ ಹೆಚ್ಚು ಕುರ್ಚಿ ಇಟ್ಟರೆ ಪುಸ್ತಕದ ಬಗ್ಗೆ ಮಾತಾಡಲು ಹೊತ್ತು ಉಳಿಯುವುದಿಲ್ಲ.

ಲೆಕ್ಕ ಹಾಕಿ ನೋಡಿ. ಹತ್ತು ಜನ ವೇದಿಕೆಯಲ್ಲಿದ್ದರೆ ಸ್ವಾಗತದಲ್ಲಿ ಒಬ್ಬೊಬ್ಬರ ಪರಿಚಯ, ಹೂಗುಚ್ಛ, ಶಾಲು ಸೇರಿ ತಲಾ ಮೂರು ನಿಮಿಷ ಅಂದರೂ ಅರ್ಧ ಗಂಟೆ. ಪ್ರಾಸ್ತಾವಿಕ 15, ಉದ್ಘಾಟನೆ 15, ಅಧ್ಯಕ್ಷೀಯ 20. ಕೃತಿ ಪರಿಚಯ ಮಾಡುವವರು ಎದ್ದಾಗ ಊಟದ ವಾಸನೆ ಬಂದಿರುತ್ತದೆ, ಅವರಿಗೆ "ಸಂಕ್ಷಿಪ್ತವಾಗಿ" ಎಂಬ ಚೀಟಿ ಹೋಗುತ್ತದೆ. ಇಡೀ ದಿನ ಯಾವ ಪುಸ್ತಕಕ್ಕಾಗಿ ಸೇರಿದ್ದೋ ಅದಕ್ಕೆ ಸಿಕ್ಕಿದ್ದು ಏಳು ನಿಮಿಷ.

90 ನಿಮಿಷದ ಚೌಕಟ್ಟು ಹೀಗಿರಲಿ. ನಾಡಗೀತೆಗೆ ಸರ್ಕಾರ 2022ರಲ್ಲಿ ನಿಗದಿ ಮಾಡಿದಂತೆ ಎರಡೂವರೆ ನಿಮಿಷ. ಸ್ವಾಗತ ಐದು ನಿಮಿಷ, ಎಲ್ಲರಿಗೂ ಒಟ್ಟಿಗೆ, ಹಾರದ ಬದಲು ಒಂದೊಂದು ಪುಸ್ತಕ. ಬಿಡುಗಡೆಯನ್ನು ಹತ್ತನೆಯ ನಿಮಿಷಕ್ಕೇ ಮುಗಿಸಿ, ಆಗ ಹೊರಗಿನ ಮೇಜಿನಲ್ಲಿ ಮಾರಾಟ ಶುರುವಾಗಬಹುದು. ಆಮೇಲೆ ಲೇಖಕರು ಕೃತಿಯಿಂದ ಎಂಟು ನಿಮಿಷ ಓದಲಿ. ಕೃತಿಯನ್ನು ನಿಜವಾಗಿ ಓದಿದ ಇಬ್ಬರು ತಲಾ 12 ನಿಮಿಷ ಮಾತಾಡಲಿ. ಅವರಿಗೆ ಪುಸ್ತಕ ಮೂರು ವಾರ ಮುಂಚೆ ತಲುಪಿರಬೇಕು, ಇಬ್ಬರಲ್ಲಿ ಒಬ್ಬರು ಲೇಖಕರ ಸ್ನೇಹಿತರಲ್ಲದವರಾಗಿರಲಿ. ಸಭಿಕರ ಪ್ರಶ್ನೆಗೆ 20 ನಿಮಿಷ, ಮೊದಲ ಪ್ರಶ್ನೆ ಕೇಳಲು ಒಬ್ಬರಿಗೆ ಮೊದಲೇ ಹೇಳಿಡಿ, ಇಲ್ಲವಾದರೆ ಸಭೆ ಮೌನ ಕೂರುತ್ತದೆ. ಅಧ್ಯಕ್ಷರಿಗೆ ಹತ್ತು, ವಂದನಾರ್ಪಣೆ ಮೂರು. ಉಳಿದ ಹದಿನೈದು ನಿಮಿಷ ತಡವಾಗಿ ಶುರುವಾಗುವುದಕ್ಕೆ, ಅದನ್ನು ಯಾವ ಭಾಷಣಕ್ಕೂ ಬಿಟ್ಟುಕೊಡಬೇಡಿ.

ಮಾರಾಟದ ಮೇಜು ಬಾಗಿಲ ಪಕ್ಕ, ಕಾಫಿಯ ಹತ್ತಿರ ಇರಲಿ. ವೇದಿಕೆಯ ಪಕ್ಕ ಇಟ್ಟರೆ ಕಾರ್ಯಕ್ರಮದ ನಡುವೆ ಎದ್ದು ಬರಲು ಜನ ನಾಚುತ್ತಾರೆ. ಇಬ್ಬರು ಕೂರಬೇಕು, ಒಬ್ಬರು ಹಣಕ್ಕೆ, ಒಬ್ಬರು ಪುಸ್ತಕಕ್ಕೆ. ಯುಪಿಐ ಚೀಟಿಯನ್ನು ದೊಡ್ಡದಾಗಿ ಅಚ್ಚುಮಾಡಿ ಅಂಟಿಸಿ. ಸಭಾಂಗಣದೊಳಗೆ ನೆಟ್‌ವರ್ಕ್ ಇದೆಯೇ ಎಂದು ಹಿಂದಿನ ದಿನವೇ ನೋಡಿ, ಇಲ್ಲದಿದ್ದರೆ ₹10, ₹50ರ ಚಿಲ್ಲರೆ ಇರಲಿ. ಬಿಡುಗಡೆಯ ದಿನದ ಬೆಲೆ ₹160 ಅಂಥದ್ದಾದರೆ ಚಿಲ್ಲರೆಗೇ ಸಾಲು ನಿಲ್ಲುತ್ತದೆ, ₹150 ಮಾಡಿ.

ಹೊಳೆದಂಡೆ

ಪಡಸಾಲೆ ಸರ್, ಕುರ್ಚಿ ಐದೇ ಅಂದರೆ ಸಭಾಂಗಣ ಬಿಟ್ಟುಕೊಟ್ಟವರು, ಊಟದ ಖರ್ಚು ವಹಿಸಿದವರು, ತಾಲ್ಲೂಕು ಪರಿಷತ್ತಿನವರು ಎಲ್ಲಿ ಕೂರುವುದು? ಹಳ್ಳಿ ಕಡೆ ಇದು ಮರ್ಯಾದೆಯ ಪ್ರಶ್ನೆ. ಅವರಿಲ್ಲದೆ ಮುಂದಿನ ಕಾರ್ಯಕ್ರಮ ಆಗುವುದೇ ಇಲ್ಲ.

ಪಡಸಾಲೆ

ನಿಮ್ಮ ಮಾತು ಸರಿಯೇ ಅಕ್ಕ. ಮೊದಲ ಸಾಲಿನಲ್ಲಿ ಹೆಸರಿನ ಚೀಟಿ ಹಾಕಿ ಕೂರಿಸಿ, ಬಿಡುಗಡೆಯ ಹೊತ್ತಿಗೆ ವೇದಿಕೆಗೆ ಕರೆದು ಎಲ್ಲರ ಕೈಗೂ ಪುಸ್ತಕ ಕೊಟ್ಟು ಒಟ್ಟಿಗೆ ಎತ್ತಿ ಹಿಡಿಸಿ. ಫೋಟೊದಲ್ಲಿ ಎಲ್ಲರೂ ಇರುತ್ತಾರೆ, ಮಾತು ಓದಿದವರದಾಗಿರುತ್ತದೆ. ಆಹ್ವಾನ ಪತ್ರಿಕೆಯಲ್ಲಿ "ಗೌರವ ಉಪಸ್ಥಿತಿ" ಎಂದು ಹೆಸರು ಹಾಕಿ, ಮುದ್ರಿಸುವ ಮೊದಲು ಫೋನ್ ಮಾಡಿ ಹೀಗೆ ಎಂದು ತಿಳಿಸಿ. ಅಸಮಾಧಾನ ಬರುವುದು ಅಲ್ಲಿಗೆ ಬಂದಮೇಲೆ ಗೊತ್ತಾದರೆ ಮಾತ್ರ.

ಮೊದಲ ಸಾಲು

ಕವಿಗೋಷ್ಠಿಯ ಬಗ್ಗೆಯೂ ಹೇಳಿ ಸರ್. ಬಿಡುಗಡೆಯ ಜೊತೆ ಕವಿಗೋಷ್ಠಿ ಇಟ್ಟರೆ ಜನ ಸೇರುತ್ತಾರೆ ಎನ್ನುತ್ತಾರೆ.

ಪಡಸಾಲೆ

ಸೇರುವುದು ಕವಿಗಳು, ಓದುಗರಲ್ಲ. 40 ಕವಿಗಳಿಗೆ ತಲಾ ಮೂರು ನಿಮಿಷ ಅಂದರೆ ಎರಡು ಗಂಟೆ. ಹೆಸರು ಕರೆಯುವುದು, ಮೈಕಿನವರೆಗೆ ಬರುವುದು, "ಈ ಕವಿತೆ ಹುಟ್ಟಿದ್ದು ಹೇಗೆಂದರೆ" ಎಂಬ ಪೀಠಿಕೆ ಒಂದು ನಿಮಿಷವಾದರೂ ಮತ್ತೆ 40 ನಿಮಿಷ. ಓದಿ ಮುಗಿಸಿದವರು ಪ್ರಮಾಣಪತ್ರ ತೆಗೆದುಕೊಂಡು ಹೊರಡುತ್ತಾರೆ, ಕೊನೆಯ ಹತ್ತು ಕವಿಗಳಿಗೆ ಖಾಲಿ ಕುರ್ಚಿ. ಅದರಲ್ಲಿ ಮೊದಲ ಬಾರಿಗೆ ಓದುವ ಹುಡುಗ ಹುಡುಗಿಯರೇ ಹೆಚ್ಚು, ಯಾಕೆಂದರೆ ಹಿರಿಯರ ಹೆಸರು ಮೊದಲು ಬಂದಿರುತ್ತದೆ. ಆ ಮಕ್ಕಳಿಗೆ ಎಷ್ಟು ನೋವಾಗುತ್ತದೆಂದು ಸಂಘಟಕರು ಯೋಚಿಸಬೇಕು.

12 ಕವಿಗಳು ಸಾಕು. ಕವಿತೆ ವಾರ ಮುಂಚೆ ತರಿಸಿಕೊಳ್ಳಿ, ಪೀಠಿಕೆ ಇಲ್ಲ ಎಂದು ಬರೆದು ತಿಳಿಸಿ, ಹೊಸಬರನ್ನೂ ಹಿರಿಯರನ್ನೂ ಒಬ್ಬರಾದ ಮೇಲೊಬ್ಬರಂತೆ ಕರೆಯಿರಿ, ಪ್ರಮಾಣಪತ್ರ ಕೊನೆಗೆ ಕೊಡಿ. ಉಳಿದವರಿಗೆ ಮುಂದಿನ ತಿಂಗಳ ಸರದಿ. ತಲಾ ಇಷ್ಟು ಹಣ ಕೊಟ್ಟು ಹತ್ತು ಪ್ರತಿ ಕೊಳ್ಳಬೇಕು ಎಂಬ ಷರತ್ತಿನ ಸಾಮೂಹಿಕ ಸಂಕಲನಗಳೂ ಇದೇ ದಾರಿಯವು. ಬರೆದವರೇ ಕೊಳ್ಳುವ ಪುಸ್ತಕಕ್ಕೆ ಓದುಗರನ್ನು ಹುಡುಕುವ ಗೋಜಿಗೆ ಯಾರೂ ಹೋಗುವುದಿಲ್ಲ.

ಕರಡಚ್ಚು

ಬಿಡುಗಡೆಗಿಂತ ತಿಂಗಳ ಓದುಕೂಟವೇ ಬಳಗದ ಬೆನ್ನೆಲುಬು. ಎಂಟರಿಂದ ಹತ್ತು ಜನ, ಒಂದು ಕಥೆ, ಎರಡು ಗಂಟೆ. ಕಥೆ ವಾರ ಮುಂಚೆ ಎಲ್ಲರಿಗೂ ತಲುಪಲಿ. ಕೂಟದಲ್ಲಿ ಲೇಖಕರು ಎರಡು ಪುಟ ಓದಿ ಸುಮ್ಮನಿರಬೇಕು, ಎಲ್ಲರೂ ಮಾತಾಡಿ ಮುಗಿಸುವವರೆಗೆ ಸಮರ್ಥನೆ ಇಲ್ಲ. ಕಿರಿಯರು ಮೊದಲು ಮಾತಾಡಲಿ. ಹಿರಿಯರು "ಚೆನ್ನಾಗಿದೆ" ಎಂದಮೇಲೆ ನಮ್ಮ ಹುಡುಗರು ಬಾಯಿ ಬಿಡುವುದಿಲ್ಲ, ಅದು ಸಂಕೋಚ. "ಇಷ್ಟವಾಯಿತು" ಎಂದಷ್ಟೇ ಹೇಳಬಾರದು, ಯಾವ ಪುಟದ ಯಾವ ಸಾಲು ಎಂದು ತೋರಿಸಬೇಕು. ಹೆಗ್ಗೋಡಿನ ನೀನಾಸಮ್ ಸಂಸ್ಕೃತಿ ಶಿಬಿರದಲ್ಲಿ ಹಿಂದಿನ ರಾತ್ರಿ ನೋಡಿದ ನಾಟಕವನ್ನು ಮರುದಿನ ಎಲ್ಲರೂ ಕೂತು ಚರ್ಚಿಸುತ್ತಾರಲ್ಲ, ಕೃತಿಯ ಮುಂದೆ ಎಲ್ಲರೂ ಸಮ ಎಂಬ ಆ ರೀತಿ ನಮ್ಮ ಕೂಟಗಳಿಗೂ ಬರಬೇಕು.

ಹೊಳೆದಂಡೆ

ಪತ್ರಿಕೆ, ಸ್ಪರ್ಧೆಗಳಿಗೆ ಕಳಿಸುವವರಿಗೆ ಒಂದು ಎಚ್ಚರಿಕೆ. ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಗಳು ಹಬ್ಬಕ್ಕೆ ತಿಂಗಳುಗಳ ಮೊದಲೇ ಮುಗಿಯುತ್ತವೆ. "ಅಪ್ರಕಟಿತ" ಎಂದರೆ ಫೇಸ್‌ಬುಕ್, ಬ್ಲಾಗಿನಲ್ಲಿ ಹಾಕಿದ್ದೂ ಪ್ರಕಟಿತವೇ ಎಂದುಕೊಳ್ಳಿ. ಓದುಕೂಟಕ್ಕೆ ಕಥೆ ಹಂಚುವಾಗಲೂ ಸಾರ್ವಜನಿಕ ಗುಂಪಿನಲ್ಲಿ ಹಾಕಬೇಡಿ. ಒಂದೇ ಕಥೆ ಎರಡು ವಿಶೇಷಾಂಕದಲ್ಲಿ ಬಂದರೆ ಎರಡೂ ಕಡೆಯ ಬಾಗಿಲು ಮುಚ್ಚುತ್ತದೆ. ಕಥೆಯ ಹೆಸರು, ಕಳಿಸಿದ ದಿನ, ಎಲ್ಲಿಗೆ, ಉತ್ತರ ಎಂದು ನಾಲ್ಕು ಕಾಲಮಿನ ಒಂದು ಹಾಳೆ ಇಟ್ಟುಕೊಂಡರೆ ಸಾಕು. ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ ₹50,000, ವಯಸ್ಸಿನ ಮಿತಿ 35. ಮೂವತ್ತು ದಾಟಿದವರು ಪುಸ್ತಕವನ್ನು "ಇನ್ನೊಂದೆರಡು ವರ್ಷ ಆಗಲಿ" ಎಂದು ಮುಂದೂಡುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಅಚ್ಚುಕೂಟ

ಅಂಚೆಯ ಬಗ್ಗೆ ಯಾರೂ ಹೇಳಲಿಲ್ಲ. ಮುದ್ರಿತ ಪುಸ್ತಕಗಳ ಹಳೆಯ ರಿಯಾಯಿತಿ ಅಂಚೆ 2024ರ ಡಿಸೆಂಬರಿನಲ್ಲಿ ನಿಂತಿತು. 2025ರ ಮೇ 1ರಿಂದ ಜ್ಞಾನ ಪೋಸ್ಟ್ ಬಂದಿದೆ. ಜಾರಿಗೆ ಬಂದಾಗಿನ ದರ 300 ಗ್ರಾಂವರೆಗೆ ₹20, 5 ಕೆ.ಜಿ.ಗೆ ₹100, ತೆರಿಗೆ ಬೇರೆ. ಎಲ್ಲಿಗೆ ತಲುಪಿದೆ ಎಂದು ನೋಡಬಹುದು, ನೆಲಮಾರ್ಗವಾದ್ದರಿಂದ ಸ್ವಲ್ಪ ತಡ. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಬೇಕು, ಪತ್ರಿಕೆ, ಜಾಹೀರಾತು ಸಾಮಗ್ರಿಗೆ ಇದು ಅನ್ವಯಿಸದು.

160 ಪುಟದ ಡೆಮಿ ಪುಸ್ತಕ 70 ಜಿಎಸ್‌ಎಂ ಕಾಗದದಲ್ಲಿ ಮುಖಪುಟ ಸೇರಿ ಸುಮಾರು 190 ಗ್ರಾಂ. ಲಕೋಟೆ ಹಾಕಿದರೂ 300ರ ಒಳಗೇ. 240 ಪುಟಕ್ಕೆ ಹೋದರೆ ಸುಮಾರು 275, ಆಗ ದಪ್ಪ ರಟ್ಟು ಹಾಕಿ ಕಟ್ಟಿದರೆ ಮುಂದಿನ ಹಂತದ ದರಕ್ಕೆ ಜಿಗಿಯುತ್ತದೆ. 160 ಪುಟದವು 24 ಪ್ರತಿ ಒಂದು ಕಟ್ಟಿಗೆ ಸುಮಾರು ನಾಲ್ಕೂವರೆ ಕೆ.ಜಿ. ಬೇರೆ ಜಿಲ್ಲೆಯ ಬಳಗಗಳಿಗೆ ಈ ಅಳತೆಯ ಕಟ್ಟೇ ಕಳಿಸಿ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊದಿಕೆ ಒಳಗಿರಲಿ, ಕಾಗದ ಹೊರಗಿರಲಿ. ಪ್ಲಾಸ್ಟಿಕ್ ಮೇಲೆ ವಿಳಾಸದ ಚೀಟಿ ನಿಲ್ಲುವುದಿಲ್ಲ.

ಬಳಗದ ಸಂಚಾಲಕಿ

ಎಲ್ಲರಿಗೂ ಧನ್ಯವಾದ. ಇವುಗಳಲ್ಲಿ ಕೆಲವನ್ನು ಈಗಲೇ ನಿರ್ಧರಿಸಿಬಿಡೋಣ. ಒಂದು ಪುಟದ ಕನ್ನಡ ಕರಾರಿನ ಮಾದರಿಯನ್ನು ಕರಾರುಪತ್ರ ಸರ್ ಬರೆದುಕೊಡಲಿ, ಹೊಳೆದಂಡೆ ಮೇಡಂ ಪ್ರಕಾಶಕರ ಕಣ್ಣಿನಿಂದ ಅದನ್ನು ನೋಡಲಿ. ವಾರ್ಷಿಕ ಕೂಟದಲ್ಲಿ 12 ಕವಿಗಳು, ವೇದಿಕೆಯಲ್ಲಿ ಐದು ಕುರ್ಚಿ. ವರ್ಷದಲ್ಲಿ ಬಂದ ಪ್ರತಿ ಪುಸ್ತಕಕ್ಕೂ ಬಿಡುಗಡೆಯಾಗಿ ಮೂರು ತಿಂಗಳ ನಂತರ ಒಂದು ಓದುಕೂಟ ಕಡ್ಡಾಯ, ಅಷ್ಟರಲ್ಲಿ ಕೊಂಡವರು ಓದಿರುತ್ತಾರೆ.

ಮೊದಲ ಸಾಲು, ನಿಮ್ಮ 96 ಪುಟದ ಕಡತವನ್ನು ಅಚ್ಚಿಗೆ ಕೊಡುವ ಮೊದಲು ಕರಡಚ್ಚು ಸರ್‌ಗೆ ಕಳಿಸಿ. ಅದಕ್ಕೂ ಮೊದಲು ನೀವೇ "೦" ಹುಡುಕಿ ಮುಗಿಸಿರಿ. ಐಎಸ್‌ಬಿಎನ್ ಅರ್ಜಿ ಇದೇ ವಾರ ಹೋಗಲಿ.